ಥೋರಾಳ ಮೇಜಿನ ಮೇಲೆ ಎರಡು ಡಬ್ಬಿ

ನಮ್ಮ ಮೊಂಟಾನಾ ಕಣಿವೇಲಿ ಸ್ಕೂಲ್ ಬಸ್ಸು ಓಡ್ಸೋಳು ಥೋರಾ ಬ್ರೆಕ್ಕೆ. ಅವಳು ಹಾರ್ನ್ ಹೊಡೆದ್ರೆ ಕರಡಿಗಳೂ ಹೆಗಲಿಗೆ ಚೀಲ ಹಾಕ್ಕೊಂಡು ಸಾಲಾಗಿ ನಿಲ್ತಿದ್ವು. ನಾನೇ ಕಂಡಿದೀನಿ, ನಂಬೋರು ನಂಬಿ.

ಬಿಡುವಾದಾಗ ಊರೋರ ಮುತ್ತಜ್ಜಂದಿರ ಕೋವಿಗಳ ತೋಟಾಗಳಿಗೆ ಮದ್ದು ತುಂಬಿಕೊಡೋಳು, ಅಡುಗೆಮನೆ ಮೇಜಿನ ಮೇಲೇ. ಆ ಕೋವಿಗಳ ಕಬ್ಬಿಣ ಮೆದು, ಕರಿ ಮದ್ದು ಮಾತ್ರ ತಡ್ಕೊಳ್ತವೆ. ಈಗಿನ ಬೂದು ಮದ್ದು ಹೊಗೆ ಕಾರಲ್ಲ, ಆದ್ರೆ ಅಷ್ಟೇ ಅಳತೆ ತುಂಬಿದ್ರೆ ಕೋವಿ ಹೊಡೆಯೋನ ಮುಖದ ಮೇಲೇ ಸಿಡಿಯುತ್ತೆ. ಅದಕ್ಕೇ ನಮ್ಮಲ್ಲಿ ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಮದ್ದಿನ ಡಬ್ಬಿ.

ಆವತ್ತು ಬೆಳಿಗ್ಗೆ ಕಾಫಿ ಲೋಟ ಇಡೋಕೆ ಹೋಗಿ ನೋಡ್ತಾಳೆ, ಎರಡು ಡಬ್ಬಿ, ಎರಡೂ ಬಾಯಿ ತೆರ್ಕೊಂಡಿವೆ! ಕರಿ ಮದ್ದು ಕತ್ತಿನ ತನಕ ಇದೆ. ಬೂದು ಮದ್ದು ಅರ್ಧಕ್ಕರ್ಧ ಇಲ್ಲ. ಹಿಂದಿನ ದಿನ ಅವಳು ತುಂಬಿದ ತೋಟಾ ಜೇಬಿಗಿಟ್ಕೊಂಡು, ಮುತ್ತಜ್ಜನ ಕೋವಿ ಹೊತ್ಕೊಂಡು ಅವಳ ತಮ್ಮ ಆರ್ವಿಡ್ ಆಗ್ಲೇ ಎಲ್ಕ್ ಅನ್ನೋ ದೊಡ್ಡ ಜಿಂಕೆ ಬೇಟೆಗೆ ಗುಡ್ಡ ಹತ್ತಿದ್ದ. ಅಲ್ಲಿ ಫೋನ್ ಸಿಗಲ್ಲ.

ದಾರೀಲಿ ನನ್ನ ಪಕ್ಕ ಖಾಲಿ ಬಸ್ಸು ನಿಲ್ಲಿಸಿದ್ಲು.

"ಏನಮ್ಮಾ, ನನ್ನನ್ನೂ ಒಂದನೇ ಕ್ಲಾಸಿಗೆ ಸೇರಿಸ್ತೀಯಾ?" ಅಂದೆ.

"ಬಾಯ್ಮುಚ್ಕೊಂಡು ಹತ್ತು ತಾತ. ಆರ್ವಿಡ್‌ನ ನಾನೇ ಕೊಂದ್‌ಬಿಟ್ಟೆ."

ರಸ್ತೆ ಮುಗಿದ ಮೇಲೂ ಬಸ್ಸು ಓಡ್ತು. ಆಮೇಲೆ ಹಿಮದಲ್ಲಿ ನಾವೇ ಓಡಿದ್ವಿ. ನನ್ನ ಮಂಡಿಗಳು ನನ್ನನ್ನ ಬೈಕೊಂಡು ಹಿಂದಿನಿಂದ ಬರ್ತಿದ್ವು.

ಢಂ ಅಂತು.

ಥೋರಾ ಪೈನ್ ಮರಗಳ ಮೇಲೆ ಬಿಳಿ ಹೊಗೆ ಹುಡುಕಿದ್ಲು. ಕರಿ ಮದ್ದಾಗಿದ್ರೆ ಮೋಡದ ಹಾಗೆ ಏಳ್ಬೇಕಿತ್ತು. ಏನೂ ಏಳಲಿಲ್ಲ. ಅಲ್ಲೇ ಕುಸಿದ್ಲು. "ಹೊಗೆ ಇಲ್ಲ ತಾತ, ಹೊಗೆನೇ ಇಲ್ಲ..." ನಾನು ಅವಳ ತೋಳು ಹಿಡಿದೆತ್ತಿದೆ.

ದಿಬ್ಬ ದಾಟಿದ್ರೆ, ಆರ್ವಿಡ್ ಮಂಡಿಯೂರಿ ಗುರಿ ಹಿಡಿದಿದಾನೆ! ಗುಂಡು ಹೊಡೆದೋನು ಆಚೆ ಗುಡ್ಡದ ಯಾವನೋ. ಬೆದರಿದ ಎಲ್ಕ್ ಇವನ ಮುಂದೆನೇ ನಿಂತಿತ್ತು.

"ಆರ್ವಿಡ್! ಒತ್ತಬೇಡ!"

ಎಲ್ಕ್ ನೆಗೆದು ಓಡಿಹೋಯ್ತು. "ಥೂ! ಏನಕ್ಕಾ, ಇಲ್ಲಿ ಯಾವ ಮಕ್ಕಳನ್ನ ಇಳಿಸೋಕೆ ಬಂದೆ?"

ಅವಳು ಕೋವಿಯಿಂದ ತೋಟಾ ಕಿತ್ತು, ಜೇಬಿನ ಇಕ್ಕಳದಲ್ಲಿ ಅದರ ಗುಂಡು ಎಳೆದು, ಒಳಗಿನ ಮದ್ದನ್ನ ಅವನ ಅಂಗೈಗೆ ಸುರಿದ್ಲು. ಬೂದು ಕಾಳು.

ಆರ್ವಿಡ್ ಅದನ್ನೇ ನೋಡ್ತಾ ಹಿಮದ ಮೇಲೆ ಕೂತ. "ಅಕ್ಕಾ... ನಾನು ಟ್ರಿಗರ್ ಮೇಲೆ ಬೆರಳಿಟ್ಟಾಗಿತ್ತು."

ಥೋರಾ ಅವನ ಮುಖ ಹಿಡ್ಕೊಂಡು ಒಂದು ಕಣ್ಣು, ಇನ್ನೊಂದು ಕಣ್ಣು, ಮೂಗು, ಕಿವಿ ಮುಟ್ಟಿ ಮುಟ್ಟಿ ನೋಡಿದ್ಲು. ಮತ್ತೆ ಮೊದಲಿಂದ ಮುಟ್ಟಿದ್ಲು.

"ಕೈ ತಣ್ಣಗಿದೆ, ಬಿಡೇ," ಅಂದ ಆರ್ವಿಡ್. ಅವಳು ಬಿಡಲಿಲ್ಲ.