ಸುಬ್ಬಣ್ಣನವರ ಕೆಲಸಕ್ಕೆ ಬಂದ ಸಾಫ್ಟ್‌ವೇರ್

೧೯೮೭ರಲ್ಲಿ ನಾನು ಚಾಮರಾಜಪೇಟೆಯಲ್ಲಿ ಆಸ್ಪತ್ರೆ ಉಪಕರಣಗಳನ್ನು ತಯಾರಿಸುವ ಸಣ್ಣ ಕಾರ್ಖಾನೆಯೊಂದರಲ್ಲಿ ಡಿಸೈನ್ ಎಂಜಿನಿಯರ್ ಆಗಿದ್ದೆ. ನಾನು ಪೆನ್ಸಿಲ್‌ನಲ್ಲಿ ಗೀಚಿದ ಸರ್ಕ್ಯೂಟನ್ನು ಡ್ರಾಫ್ಟ್ಸ್‌ಮನ್ ಸುಬ್ಬಣ್ಣನವರು ಟ್ರೇಸಿಂಗ್ ಹಾಳೆಯ ಮೇಲೆ ಇಂಕಿನಲ್ಲಿ ಬರೆಯುತ್ತಿದ್ದರು. ಆ ನಕ್ಷೆ ನೋಡಿಯೇ ಕೆಳಗಿನ ಶೆಡ್ಡಿನಲ್ಲಿ ವೈರಿಂಗ್ ನಡೆಯುತ್ತಿತ್ತು. ಹನ್ನೊಂದು ವರ್ಷ ನಮ್ಮ ಮೇಜುಗಳು ಅಕ್ಕಪಕ್ಕ. ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ ಎಂದು ಅವರು ಬೈಯದ ದಿನವಿರಲಿಲ್ಲ.

ಆ ಆಷಾಢದಲ್ಲಿ ಅವರು ಹೃದಯಾಘಾತದಿಂದ ತೀರಿಕೊಂಡರು. ವೈಕುಂಠ ಸಮಾರಾಧನೆಯ ಊಟ ಮುಗಿಸಿ ಬಂದ ಮರುದಿನವೇ ಮ್ಯಾನೇಜರು ಕರೆದರು. ಸರ್ಕ್ಯೂಟ್ ಬರೆಯುವ ಸಾಫ್ಟ್‌ವೇರ್ ಕೊಳ್ಳೋಣ, ಎರಡು ಕಂಪನಿಯವರು ನೋಡಲು ಫ್ಲಾಪಿ ಕೊಟ್ಟುಹೋಗಿದ್ದಾರೆ, ಯಾವುದೆಂದು ನೀವೇ ಹೇಳಿ ಎಂದರು. ಆಗಲಿ ಎಂದೆ. ಆ ದಿನಗಳಲ್ಲಿ ಏನು ಕೇಳಿದರೂ ಆಗಲಿ ಎನ್ನುತ್ತಿದ್ದೆ. ಅಳು ಬರುತ್ತಿರಲಿಲ್ಲ, ಹಸಿವೂ ಆಗುತ್ತಿರಲಿಲ್ಲ, ಮನಸ್ಸು ಮರಗಟ್ಟಿತ್ತು.

ಈ ಆಯ್ಕೆಗೆ ಇನ್ನೊಂದು ವಿಷಯ ತಳುಕು ಹಾಕಿಕೊಂಡಿತ್ತು. ಕೆಲಸದಲ್ಲಿದ್ದವರು ತೀರಿಕೊಂಡರೆ ಮನೆಯವರೊಬ್ಬರಿಗೆ ಅದೇ ಕೆಲಸ ಕೊಡುವುದು ನಮ್ಮಲ್ಲಿ ರೂಢಿ. ಸುಬ್ಬಣ್ಣನವರ ಮಗಳು ಗೀತಾ ಡ್ರಾಫ್ಟಿಂಗ್‌ನಲ್ಲೇ ಡಿಪ್ಲೊಮಾ ಮುಗಿಸಿದ್ದಳು. ಮೊದಲನೆಯ ಸಾಫ್ಟ್‌ವೇರ್ ಬರೀ ಗೆರೆ ಎಳೆಯುವಂಥದ್ದು. ಅದಕ್ಕೆ ಪಳಗಿದ ಕೈ ಬೇಕು, ಅಂದರೆ ಗೀತಾಳಿಗೆ ಕೆಲಸ. ಎರಡನೆಯದು ಬಿಡಿಭಾಗಗಳ ಚಿಹ್ನೆಗಳನ್ನು ತಾನೇ ಒದಗಿಸಿ, ಯಾವ ಗೆರೆ ಎಲ್ಲಿ ಸೇರಿದೆ ಎಂದೂ ಪರೀಕ್ಷಿಸುತ್ತಿತ್ತು. ಅದು ಬಂದರೆ ಎಂಜಿನಿಯರುಗಳೇ ಬರೆದುಕೊಳ್ಳಬಹುದು, ಡ್ರಾಫ್ಟ್ಸ್‌ಮನ್ ಹುದ್ದೆ ತೆಗೆದುಬಿಡುತ್ತೇವೆ ಎಂದು ಮ್ಯಾನೇಜರು ಮೊದಲೇ ಹೇಳಿದ್ದರು. ನೋಡುವುದಕ್ಕೆ ಮುಂಚೆಯೇ ನಾನು ಮನಸ್ಸಿನಲ್ಲಿ ಮೊದಲನೆಯದನ್ನು ಆರಿಸಿಬಿಟ್ಟಿದ್ದೆ.

ಕಂಪ್ಯೂಟರ್ ಕೋಣೆಗೆ ಆಗ ದೇವರ ಮನೆಯ ಮರ್ಯಾದೆ. ಚಪ್ಪಲಿ ಹೊರಗೆ ಬಿಟ್ಟೇ ಹೋಗಬೇಕು. ಪರೀಕ್ಷೆಗೆ ಸುಬ್ಬಣ್ಣನವರ ಕೊನೆಯ ನಕ್ಷೆಯನ್ನೇ ತೆಗೆದುಕೊಂಡೆ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್‌ನ ನಕ್ಷೆ ಅದು. ಇದ್ದದ್ದನ್ನು ಇದ್ದ ಹಾಗೆ ಎರಡರಲ್ಲೂ ಬರೆದೆ. ಮೊದಲನೆಯದು ಅಂದವಾಗಿ ಪ್ರಿಂಟ್ ಕೊಟ್ಟು ಸುಮ್ಮನಾಯಿತು. ಎರಡನೆಯದು, ಒಂದು ಗೆರೆ ಎಲ್ಲಿಗೂ ಸೇರಿಲ್ಲ ಎಂದು ತೋರಿಸಿತು. ನಾನೇ ತಪ್ಪು ಬರೆದಿರಬೇಕೆಂದು ಮೂಲ ಹಾಳೆ ನೋಡಿದೆ. ಶಾಖ ಮಿತಿ ಮೀರಿದರೆ ಕೂಗಬೇಕಾದ ಬಜರ್‌ನ ಗೆರೆ, ಅದನ್ನು ಚಾಲೂ ಮಾಡುವ ರಿಲೇಯನ್ನು ಮುಟ್ಟದೆ ಅಕ್ಕಿಕಾಳಿನಷ್ಟು ಹಿಂದೆಯೇ ನಿಂತಿತ್ತು. ಪುಣ್ಯಕ್ಕೆ ಆ ನಕ್ಷೆ ಇನ್ನೂ ಶೆಡ್ಡಿಗೆ ಹೋಗಿರಲಿಲ್ಲ. ಹೋಗಿದ್ದರೆ, ಒಳಗೆ ಮಗುವಿನ ಮೈ ಸುಡುತ್ತಿದ್ದರೂ ಯಂತ್ರ ಬಾಯಿ ಬಿಡುತ್ತಿರಲಿಲ್ಲ.

ಎರಡನೆಯದೇ ಇರಲಿ ಎಂದು ಬರೆದುಕೊಟ್ಟೆ. ಸುಬ್ಬಣ್ಣನವರ ನಕ್ಷೆಯ ಮಾತನ್ನು ಅದರಲ್ಲಿ ಎತ್ತಲಿಲ್ಲ.

ಮ್ಯಾನೇಜರು ಓದಿ, "ಹುಡುಗಿ ವಿಷ್ಯ ಗೊತ್ತಲ್ವೇನ್ರೀ?" ಎಂದರು. ಗೊತ್ತು ಎಂದೆ.

ಬೇರೆಯವರ ಬಾಯಿಂದ ತಿಳಿಯುವುದು ಬೇಡವೆಂದು ಸಂಜೆ ನಾನೇ ಎನ್.ಆರ್. ಕಾಲೋನಿಯ ಅವರ ಮನೆಗೆ ಹೋದೆ. ಗೀತಾ ಕಾಫಿ ತಂದಿಟ್ಟು ಒಳಗೆ ಹೋದಳು. ಇನ್ನು ಆ ಕೆಲಸವೇ ಇರುವುದಿಲ್ಲ, ಹಾಗಾಗುವಂತೆ ಬರೆದವನು ನಾನೇ ಎಂದು ಸುಬ್ಬಣ್ಣನವರ ಹೆಂಡತಿ ಜಯಮ್ಮನವರಿಗೆ ಹೇಳಿದೆ. ಬೈದರೆ ಬೈಸಿಕೊಳ್ಳೋಣ ಎಂದುಕೊಂಡೇ ಹೋಗಿದ್ದೆ. ಏಕೆ ಎಂದು ಕೇಳಿದ್ದರೆ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ಅವರು ಕೇಳಲಿಲ್ಲ.

"ನೀವೇ ಬರೆದಿದ್ದು ಅಂದ್ರೆ ಸರಿಯಾಗೇ ಇರತ್ತೆ ಬಿಡಿ," ಎಂದರು. "ನೀವು ನೋಡಿದ್ಮೇಲೆ ತಪ್ಪು ಉಳಿಯಲ್ಲ ಅಂತ ನಮ್ಮನೆಯವ್ರು ಯಾವಾಗ್ಲೂ ಅನ್ನೋರು."

ಕಾಫಿ ಕುಡಿದು ಎದ್ದು ಬಂದೆ.

ನಿವೃತ್ತನಾಗುವವರೆಗೆ ಇನ್ನೂ ಎಷ್ಟೋ ಸಾಫ್ಟ್‌ವೇರ್‌ಗಳನ್ನು ಆರಿಸಿದೆ. ಯಾವುದು ಸರಿ ಎಂದು ಕಂಡುಹಿಡಿಯುವುದನ್ನು ಯಾರು ಬೇಕಾದರೂ ಕಲಿಯಬಹುದು. ಸರಿಯಾದದ್ದನ್ನು ಮಾಡಿದರೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರಲ್ಲ, ಅದನ್ನು ನಂಬಿ ಕೂರಬಾರದು ಎಂಬುದನ್ನು ನನಗೆ ಕಲಿಸಿದ್ದು ಆ ವರ್ಷದ ಕೆಲಸ.