ಮದುವೆ ಸಾರಿನ ಜಿಡ್ಡು

ಟಿಸಾ ಹೊಳೆ ದಡದ ನಮ್ಮ ಊರಲ್ಲಿ ನಲವತ್ತು ವರ್ಷದಿಂದ ಮದುವೆ ಅಡುಗೆಯೆಂದರೆ ಎತೆಲ್ಕಾ. ಅವಳ ಪಕ್ಕದಲ್ಲಿ ಕೋಳಿ ತೊಳೆಯುವವಳು ನಾನು, ಯುಲಿಶ್. ಬಲಿತ ಕೋಳಿಗಳು ಸಣ್ಣ ಉರಿಯಲ್ಲಿ ಆರು ಗಂಟೆ ಬೆಂದರೆ ಹಂಡೆಯ ಮೇಲೆ ಬೆರಳು ದಪ್ಪ ಜಿಡ್ಡು ನಿಲ್ಲುತ್ತದೆ. ಹಾಗೇ ಬಿಟ್ಟರೆ ತುಟಿಗೆಲ್ಲ ಅಂಟು. ಪೂರ್ತಿ ತೆಗೆದರೋ, ಪಾತ್ರೆ ತೊಳೆದ ನೀರು ಬಡಿಸಿದರೆಂದು ಬೀಗರು ಊರೂರು ಹೇಳಿಕೊಂಡು ಬರುತ್ತಾರೆ. ಸಾರಿನ ಮೇಲೆ ಹೊಂಬಣ್ಣದ ಚುಕ್ಕಿಗಳು ತೇಲಲೇಬೇಕು. ಎತೆಲ್ಕಾ ಸೌಟನ್ನು ಓರೆಯಾಗಿ ಹಿಡಿದು, ಎಷ್ಟು ಬೇಕೋ ಅಷ್ಟೇ ತೆಗೆದು, ನೀಲಿ ಚೊಂಬಿಗೆ ಸುರಿಯುತ್ತಿದ್ದಳು. ಕೊನೆಯ ಪಂಕ್ತಿ ಏಳುವವರೆಗೂ ಆ ಚೊಂಬನ್ನು ಯಾರೂ ಮುಟ್ಟುವಂತಿಲ್ಲ.

ಈ ಚಳಿಗಾಲ ಅವಳ ಕಣ್ಣಿಗೆ ಪೊರೆ ಬಂತು. ನನಗೊಬ್ಬಳಿಗೇ ಹೇಳಿದಳು.

"ಬಾಯಿ ಬಿಟ್ಟೀಯಾ ಮತ್ತೆ! ಗೊತ್ತಾದ್ರೆ ಸೌಟು ಕಿತ್ಕೊಂಡು ಮೂಲೇಲಿ ಕೂರಿಸ್ತಾರೆ ಕಣೇ. ಆಮೇಲೆ ನಾನೇನು ಮಾಡ್ಲಿ ಹೇಳು?"

"ನೀನು ತೆಗೀತಾ ಹೋಗು. ಸಾಕು ಅಂತ ನಾನು ಹೇಳ್ತೀನಿ," ಎಂದೆ.

ಫೆಬ್ರವರಿಯಲ್ಲಿ ಗಿರಣಿಯವರ ಮಗಳ ಮದುವೆ. ಸಾರಿಗೆ ಹಾಕುವ ಶಾವಿಗೆಯನ್ನು ಹಗ್ಗದ ಹಾಗೆ ದಪ್ಪಗೆ ಕತ್ತರಿಸಿದ್ದರು. ನನ್ನ ಹಾಳು ನಾಲಿಗೆ ಸುಮ್ಮನಿರುತ್ತದೆಯೇ? ಜಗಳಕ್ಕೆ ಹೋದೆ. ಮರಳಿ ಬಂದು ನೋಡಿದರೆ ಎತೆಲ್ಕಾ ಇನ್ನೂ ತೆಗೆಯುತ್ತಲೇ ಇದ್ದಾಳೆ, ಸಾರು ತಿಳಿನೀರಿನಂತಾಗಿದೆ!

"ಅಯ್ಯೋ, ಒಂದು ಚುಕ್ಕೀನೂ ಇಲ್ವಲ್ಲೇ!"

ಹೊರಗೆ ಮೊದಲ ಮೇಜಿನಲ್ಲೇ ವರನ ಅಜ್ಜಿ ಹೆರ್ಮಿನಾ ಚಮಚ ಹಿಡಿದು ಕೂತಿದ್ದರು. ಒಂದು ಕಾಲಕ್ಕೆ ಆಚೆ ದಡದ ಮದುವೆಗಳನ್ನೆಲ್ಲ ಆಳಿದ ಅಡುಗೆಯವರು. ಮೊದಲೇ ತುಂಬಿ ಕಿಟಕಿಯಾಚೆ ಹಿಮದಲ್ಲಿಟ್ಟಿದ್ದ ನೀಲಿ ಚೊಂಬಿನಲ್ಲಿ ಜಿಡ್ಡು ಗಟ್ಟಿಯಾಗಿತ್ತು. ಅದನ್ನೇ ಕೆರೆದು ಪ್ರತಿ ಬೋಗುಣಿಗೂ ಒಂದೊಂದು ಚಮಚ ಹಾಕಿ ಕಳಿಸಿದೆ. ನನ್ನ ತಪ್ಪಿಗೆ ಅವಳ ಮರ್ಯಾದೆ ಹೋಗುತ್ತದಲ್ಲ ಎಂದು ಬಾಗಿಲ ಸಂದಿಯಿಂದ ಮೇಜುಗಳನ್ನೇ ನೋಡುತ್ತಾ ನಿಂತೆ.

ಜನ ಚಪ್ಪರಿಸಿ ಉಂಡರು. ಅಬ್ಬಾ ಎನ್ನುವಷ್ಟರಲ್ಲಿ ಹೆರ್ಮಿನಾ ಅಜ್ಜಿ ಕೋಲೂರಿಕೊಂಡು ಒಳಗೇ ಬಂದರು.

"ನನ್ನ ಬೋಗುಣೀಲಿ ಜಿಡ್ಡಿನ ಚೂರೊಂದು ಕರಗಿರಲಿಲ್ಲ. ಅದನ್ನ ಆಮೇಲೆ ಹಾಕಿದೋರು ಯಾರಮ್ಮ?"

ನಾನು ಬಾಯಿ ತೆರೆಯುವ ಮೊದಲೇ ಎತೆಲ್ಕಾ ಅಂದಳು: "ನನಗೆ ಕಣ್ಣು ಕಾಣ್ಸಲ್ಲ ಅಜ್ಜಿ."

ಅಜ್ಜಿ ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು. "ನಂಗೂ ಹಿಂಗೇ ಆಗಿತ್ತು. ಮುಚ್ಚಿಟ್ಟು ಮುಚ್ಚಿಟ್ಟು ಒಂದು ಮದುವೇಲಿ ಕೈ ಸುಟ್ಕೊಂಡೆ. ಈಸ್ಟರ್‌ಗೆ ಮುಂಚೆ ಸೆಗೆಡ್ ಆಸ್ಪತ್ರೆಗೆ ಹೋಗಿ ಪೊರೆ ತೆಗೆಸ್ಕೋ, ಪೆದ್ದಿ. ಅಲ್ಲೀವರೆಗೂ ಈ ಜಗಳಗಂಟಿ ಹಿಡೀಲಿ ಸೌಟು. ಇನ್ನೊಂದು ಬೋಗುಣಿ ಸಾರು ಕೊಡಿ ನಂಗೆ."

ಹೊರಗೆ ಯಾರ ಮುಂದೆಯೂ ಅವರು ಆ ಮಾತೆತ್ತಲಿಲ್ಲ. ಮುಂದಿನ ಎರಡು ಮದುವೆಗಳಲ್ಲಿ ನಾನು ಸೌಟು ಹಿಡಿದೆ. ರುಚಿ ನೋಡಿ ಬೈಯುವ ಕೆಲಸ ಎತೆಲ್ಕಾಳದು.

ಈಸ್ಟರ್ ಕಳೆದ ಮೇಲಿನ ಮದುವೆಗೆ ಹೊಸ ಕಣ್ಣು ಮಾಡಿಸಿಕೊಂಡು ಬಂದಳು. ಹಂಡೆಯನ್ನು ಬಗ್ಗಿ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ಅಯ್ಯೋ ಯುಲಿಶ್, ಎಷ್ಟು ಮುದುಕಿ ಆಗಿದ್ದೀಯೇ!"

"ಕನ್ನಡಿ ನೋಡ್ಕೊಂಡು ಬಂದು ಮಾತಾಡು," ಎಂದೆ.

"ಅದಿರ್ಲಿ, ಕೊಡಿಲ್ಲಿ ಸೌಟು," ಎಂದು ಕೈಚಾಚಿದಳು. ಕಣ್ಣು ಒರೆಸಿಕೊಳ್ಳುತ್ತಾ ಕೊಟ್ಟೆ. ಕೊಟ್ಟು, ಕೋಳಿ ತೊಳೆಯಲು ಹೋದೆ.