ಗಾಜಿನ ಹಿಂದಿನ ವೇದವತಿ ಮೇಡಂ

ಮಧುರವಾಡದ ನರ್ಸಿಂಗ್ ಕಾಲೇಜಿಗೆ ನಾನು ಗ್ಯಾರಂಟಿ ಕೊಟ್ಟು ಮಾರಿದ ಪ್ಲಾಸ್ಟಿಕ್ ರೋಗಿಗೆ, ಅಂದರೆ ಹುಡುಗಿಯರು ಶುಶ್ರೂಷೆ ಕಲಿಯುವ ಬೊಂಬೆಗೆ, ಜ್ವರ ಏರುವುದೂ ಇಳಿಯುವುದೂ ವೇದವತಿ ಮೇಡಂ ಮರ್ಜಿಯಂತೆ. ನಾಯಕತ್ವ ಕಲಿಸಲೆಂದು ಒಬ್ಬ ಹುಡುಗಿಯನ್ನು ಆ ಅಣಕು ವಾರ್ಡಿನ ಇನ್‌ಚಾರ್ಜ್ ಮಾಡಿ, ತಾವು ಗಾಜಿನ ಹಿಂದೆ ಕೂತು, ಮೈಕಿನಲ್ಲಿ ದೊಡ್ಡ ಡಾಕ್ಟರ ದನಿ ತೆಗೆದು, ಔಷಧಿಯನ್ನು ಎರಡರಷ್ಟು ಕೊಡು ಎಂದು ಗದರಿಸುತ್ತಾರೆ. ‘ಎಸ್ ಸರ್’ ಎಂದವಳು ಫೇಲು. “ಬಾಯಿ ಮನೇಲಿಟ್ಟು ಬಂದ್ಯೇನಮ್ಮ?” ಎಂದು ಬೈಯುವ ಇದೇ ಮೇಡಂ, ಪ್ರಿನ್ಸಿಪಾಲರು ಇಣುಕಿದರೆ ಎದ್ದು ನಿಂತು, ಅವರು ಬಾಯಿ ತೆರೆಯುವ ಮೊದಲೇ ‘ಎಸ್ ಸರ್’ ಎಂದಿರುತ್ತಾರೆ. ಮೊನ್ನೆ ಬೊಂಬೆ ರಿಪೇರಿಗೆ ಹೋದಾಗ, ನೌಕಾಪಡೆಯವರೊಬ್ಬರ ಮಗಳು ಹರಿಣಿಯ ಪರೀಕ್ಷೆ ನಡೆದಿತ್ತು. ಮೈಕು ಗದರಿತು. “ಅಷ್ಟು ಕೊಡಲ್ಲ ಸರ್, ಪೇಷೆಂಟ್ ಸತ್ತೋಗ್ತಾರೆ,” ಎಂದಳು ಹುಡುಗಿ.  ಅದೇ ಮೈಕಿನಲ್ಲಿ ಮೇಡಂ ಈಗ ತಮ್ಮದೇ ದನಿಯಲ್ಲಿ, ತೀರ ಮೆಲ್ಲಗೆ ಹೇಳಿದರು: “ಪಾಸಾದೆ ಕಣೆ. ಅದನ್ನ ಹೇಗೆ ಹೇಳ್ದೆ, ಇನ್ನೊಂದ್ಸಲ ಹೇಳು.”